ಏಳಕ್ಕೆ ನಾಲ್ಕು: ದಾವಣಗೆರೆಯಲ್ಲೇ ಸಿಗುವ ಸಾಮಾನಿನಿಂದ ಕಬ್ಬಿಣ–ಗಂಧಕ ಪ್ರಯೋಗದ ಕಿಟ್

ಧಾತು, ಮಿಶ್ರಣ, ಸಂಯುಕ್ತ ಮೂರನ್ನೂ ಒಂದೇ ಪಾಠದಲ್ಲಿ ಕಣ್ಣೆದುರು ತಂದು ನಿಲ್ಲಿಸುವ ಪ್ರಯೋಗ ಕಬ್ಬಿಣದ ಪುಡಿ ಮತ್ತು ಗಂಧಕದ್ದು. ಒಂಬತ್ತನೇ ತರಗತಿಯ ವಿಜ್ಞಾನ ಮೇಷ್ಟ್ರಿಗೆ ಇದೇನೂ ಹೊಸದಲ್ಲ. ಆದರೂ ಹೆಚ್ಚಿನ ಕಡೆ ಅದು ಮುಗಿಯುವುದು ಹೀಗೆ: ಎರಡು ಚಮಚ ಇದು, ಒಂದು ಚಮಚ ಅದು, ಪ್ರನಾಳಕ್ಕೆ ಹಾಕಿ ಕಾಯಿಸಿದ್ದಾಯಿತು, ಕಾಂತ ಹಿಡಿದದ್ದಾಯಿತು, ಕಪ್ಪು ಗಟ್ಟಿ ಕಾಂತಕ್ಕೆ ಗಪ್ಪನೆ ಅಂಟಿಕೊಂಡಿತು. "ಅಂಟಬಾರದಿತ್ತು, ಅಂಟಲಿಲ್ಲ ಅಂತ ಬರ್ಕೊಳ್ಳಿ" ಎಂದು ಹೇಳಿ ಪಾಠ ಮುಂದಕ್ಕೆ ಹೋಗುತ್ತದೆ.

ಕಬ್ಬಿಣವೆಲ್ಲ ಗಂಧಕದೊಂದಿಗೆ ಸೇರಿ ಸಂಯುಕ್ತವಾಗಿದ್ದರೆ ಆ ಗಟ್ಟಿ ಕಾಂತಕ್ಕೆ ಅಂಟಬಾರದು. ಅಂಟಿಕೊಂಡದ್ದಕ್ಕೆ ಕಾರಣ ಇದ್ದೇ ಇರುತ್ತದೆ. ಬಹುಪಾಲು ಸಲ ಅದು ಪುಡಿಯ ಗುಣದಲ್ಲೋ ತೂಕದಲ್ಲೋ ಇರುತ್ತದೆ. ಕಾಂತವನ್ನೇ ತೀರ್ಪುಗಾರನನ್ನಾಗಿ ಮಾಡಿರುವುದರಿಂದ ಆ ಕಾರಣ ಹುಡುಕುವ ದಾರಿಯೇ ಮುಚ್ಚಿಹೋಗುತ್ತದೆ. ಈ ಕಿಟ್‌ನಲ್ಲಿ ಮೊದಲ ಸ್ಥಾನ ತಕ್ಕಡಿಗೆ, ಕಾಂತಕ್ಕೆ ನಂತರದ್ದು. ಲೆಕ್ಕವೆಲ್ಲ 40 ಮಕ್ಕಳ ತರಗತಿ, ಐದೈದು ಜನರ 8 ತಂಡ ಎಂದು ಹಾಕಿದ್ದು.

ಕಬ್ಬಿಣದ ಪುಡಿ

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಕಬ್ಬಿಣದ ರಜ ಎಷ್ಟೋ ಸಲ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ದಾವಣಗೆರೆ, ಹರಿಹರದಲ್ಲಿ ಅದಕ್ಕಾಗಿ ಪರದಾಡಬೇಕಿಲ್ಲ. ಮೈಸೂರು ಕಿರ್ಲೋಸ್ಕರ್‌ನವರು ಹರಿಹರದಲ್ಲಿ ಲೇತ್ ಮಶಿನ್ ತಯಾರಿಸುತ್ತಿದ್ದ ಊರ ಸೀಮೆ ಇದು. ಲೇತ್ ಕೆಲಸದ ಶೆಡ್‌ಗಳಿಗೆ ಬರವಿಲ್ಲ. ಕೇಳಬೇಕಾದದ್ದು ಬೀಡು ಕಬ್ಬಿಣ ತಿರುವಿದಾಗ ಬೀಳುವ ಪುಡಿ. ಮೈಲ್ಡ್ ಸ್ಟೀಲ್ ತಿರುವಿದರೆ ಉದ್ದುದ್ದ ಸುರುಳಿ ಬರುತ್ತದೆ, ಅದನ್ನು ಪುಡಿ ಮಾಡಲಾಗುವುದಿಲ್ಲ. ಬೀಡು ಪೆಡಸು, ತಾನಾಗಿಯೇ ಪುಡಿಪುಡಿಯಾಗಿ ಉದುರುತ್ತದೆ. ಕಾಲು ಕೆಜಿ ಬೇಡಿದರೆ ಎರಡು ಮೂರು ವರ್ಷಕ್ಕೆ ಸಾಕು.

ಗ್ರೈಂಡರ್ ಕೆಳಗೆ ರಾಶಿ ಬಿದ್ದಿರುವ ಕಪ್ಪು ಪುಡಿ ಮಾತ್ರ ಬೇಡ. ನೋಡಲು ನುಣ್ಣಗಿರುತ್ತದೆ, ಕಾಂತಕ್ಕೂ ಅಂಟುತ್ತದೆ. ಆದರೆ ಕಿಡಿಯಾಗಿ ಹಾರುವಾಗಲೇ ಬಹುಪಾಲು ಕಬ್ಬಿಣ ಸುಟ್ಟು ಆಕ್ಸೈಡ್ ಆಗಿರುತ್ತದೆ, ಜೊತೆಗೆ ಸಾಣೆಕಲ್ಲಿನ ಮರಳೂ ಬೆರೆತಿರುತ್ತದೆ. ಆ ಪುಡಿಯನ್ನು ಗಂಧಕದೊಂದಿಗೆ ಎಷ್ಟು ಕಾಯಿಸಿದರೂ ಕೆಂಡದ ಬಣ್ಣ ಸರಿಯಾಗಿ ಬರುವುದಿಲ್ಲ. ಅನುಮಾನ ಇದ್ದರೆ ಚಿಟಿಕೆ ಪುಡಿಗೆ ಸಾರರಿಕ್ತ ಆಮ್ಲ ಹಾಕಿ ನೋಡಿ. ಒಳ್ಳೆ ಕಬ್ಬಿಣ ಬಿಡದೆ ಗುಳ್ಳೆ ಬಿಡುತ್ತದೆ, ಗ್ರೈಂಡರ್ ಪುಡಿ ಅರೆಮನಸ್ಸಿನಲ್ಲಿ ಒಂದೆರಡು ಗುಳ್ಳೆ ಬಿಟ್ಟು ಸುಮ್ಮನಾಗುತ್ತದೆ.

ಲೇತ್ ಪುಡಿಗೆ ಎಣ್ಣೆ, ಕೂಲಂಟ್ ಮೆತ್ತಿರುತ್ತದೆ. ಬಿಸಿ ನೀರಿಗೆ ಬಟ್ಟೆ ಸೋಪಿನ ಪುಡಿ ಹಾಕಿ ಎರಡು ಸಲ ತೊಳೆದು, ಮೂರು ಸಲ ಬರೀ ನೀರಿನಲ್ಲಿ ಜಾಲಾಡಿ, ನೀರು ಬಸಿದ ಕೂಡಲೇ ಅಗಲವಾದ ಹಳೆ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೆದಕುತ್ತಾ ಒಣಗಿಸಬೇಕು. ಬಿಸಿಲಿಗೆ ಹರವಿದರೆ ಸಂಜೆಯೊಳಗೆ ತುಕ್ಕು ಬಂದಿರುತ್ತದೆ. ಒಣಗಿದ ಮೇಲೆ ಮೈದಾ ಜರಡಿಯಲ್ಲಿ ಹಿಡಿದು, ಕೆಳಗೆ ಬಿದ್ದದ್ದನ್ನು ಮಾತ್ರ ಇಟ್ಟುಕೊಳ್ಳಿ. ಈ ಜರಡಿ ಹಿಡಿಯುವ ಕೆಲಸವನ್ನು ಬಿಡಲೇಬಾರದು. ಗಂಧಕ ಕಬ್ಬಿಣದ ಕಣವನ್ನು ಹೊರಗಿನಿಂದ ತಿನ್ನುತ್ತಾ ಬರುತ್ತದೆ. ಕಣ ರವೆಯಷ್ಟು ದಪ್ಪಗಿದ್ದರೆ ಮೇಲೆ ಸಲ್ಫೈಡ್ (ಕಬ್ಬಿಣ–ಗಂಧಕದ ಸಂಯುಕ್ತ) ಕಟ್ಟಿ, ಒಳಗೆ ಕಬ್ಬಿಣ ಕಬ್ಬಿಣವಾಗಿಯೇ ಉಳಿಯುತ್ತದೆ. ಕಾಂತಕ್ಕೆ ಗಪ್ಪನೆ ಅಂಟುವ ಕಪ್ಪು ಗಟ್ಟಿಯ ಗುಟ್ಟು ಹೆಚ್ಚಾಗಿ ಇದೇ.

ಗಂಧಕ

ಗೊಬ್ಬರ, ಔಷಧಿ ಅಂಗಡಿಯಲ್ಲಿ ಬೂದಿರೋಗಕ್ಕೆ ಹೊಡೆಯಲು ಕೊಡುವ ಶೇ. 80ರ ಗಂಧಕ ಬೇಡ. ಉಳಿದ ಶೇ. 20ರಲ್ಲಿ ಜೇಡಿಪುಡಿ, ನೀರಿನಲ್ಲಿ ಹರಡಿಕೊಳ್ಳಲು ಹಾಕಿದ ರಾಸಾಯನಿಕ ಇರುತ್ತವೆ. ಅದನ್ನು ಬಳಸಿದರೆ 4 ಗ್ರಾಂ ತೂಗಿದಲ್ಲಿ ನಿಜವಾದ ಗಂಧಕ 3.2 ಗ್ರಾಂ ಅಷ್ಟೇ. ಮೇಲಾಗಿ ನೀರಿನ ಪರೀಕ್ಷೆಯೂ ಕೆಡುತ್ತದೆ. ಗ್ರಂಧಿಗೆ ಅಂಗಡಿಯ ಹಳದಿ ಗಂಧಕದ ಗಟ್ಟಿಯೋ, ಲ್ಯಾಬ್ ಅಂಗಡಿಯ ಗಂಧಕದ ಪುಡಿಯೋ ಆಗಬಹುದು. ಯಾವುದು ಯಾವುದೆಂದು ತಿಳಿಯಲು ಒಂದು ಲೋಟ ನೀರು ಸಾಕು. ಶುದ್ಧ ಗಂಧಕದ ಪುಡಿ ನೀರಿಗಿಂತ ಎರಡು ಪಟ್ಟು ಸಾಂದ್ರವಾಗಿದ್ದರೂ ಒದ್ದೆಯಾಗದೆ ಮೇಲೆ ತೇಲುತ್ತದೆ. ಔಷಧಿ ಅಂಗಡಿಯದು ಹಾಲಿನಂತೆ ಹರಡಿಕೊಂಡುಬಿಡುತ್ತದೆ.

ಗಟ್ಟಿ ತಂದರೆ ಪಿಂಗಾಣಿ ಖಲ್ಲಿನಲ್ಲಿ ಸ್ವಲ್ಪ ಸ್ವಲ್ಪವೇ ಅರೆಯಿರಿ. ಧೂಳು ಎಬ್ಬಿಸಬಾರದು, ಹತ್ತಿರ ಬೆಂಕಿ ಇರಬಾರದು. ಗಾಳಿಯಲ್ಲಿ ಎದ್ದ ಗಂಧಕದ ಧೂಳು ಸಣ್ಣ ಕಿಡಿಗೂ ಹೊತ್ತಿಕೊಳ್ಳುತ್ತದೆ. ಬೆಂಕಿಕಡ್ಡಿ ಮದ್ದು, ಪಟಾಕಿ ಪುಡಿ ಮುಟ್ಟಿದ ಖಲ್ಲು ಈ ಕೆಲಸಕ್ಕೆ ಕೂಡದು. ಅವುಗಳಲ್ಲಿ ಇರಬಹುದಾದ ಕ್ಲೋರೇಟ್ ಮತ್ತು ಗಂಧಕ ಒಟ್ಟಿಗೆ ಅರೆದರೆ ಕೈಯಲ್ಲೇ ಸಿಡಿಯುತ್ತದೆ.

ತೂಕ

ಕಬ್ಬಿಣದ ಪರಮಾಣು ರಾಶಿ 56, ಗಂಧಕದ್ದು 32. ಒಂದಕ್ಕೊಂದು ಪರಮಾಣು ಸೇರಿದರೆ 56ಕ್ಕೆ 32, ಎಂಟರಿಂದ ಭಾಗಿಸಿದರೆ 7ಕ್ಕೆ 4. ಚಿನ್ನ–ಬೆಳ್ಳಿ ತೂಗುವ ಅಂಗೈಯಗಲದ ಡಿಜಿಟಲ್ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ, ಅದು ಬೇಕೇ ಬೇಕು. ಚಮಚದ ಲೆಕ್ಕ ಇಲ್ಲಿ ನಡೆಯುವುದೇ ಇಲ್ಲ, ಏಕೆಂದರೆ ಒಂದು ಚಮಚ ಕಬ್ಬಿಣ ಒಂದು ಚಮಚ ಗಂಧಕಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ. ಎರಡಕ್ಕೆ ಒಂದು ಚಮಚ ಹಾಕಿದವರ ಪ್ರನಾಳದಲ್ಲಿ ಕಬ್ಬಿಣ ವಿಪರೀತ ಮಿಕ್ಕಿ ಕಾಂತಕ್ಕೆ ಅಂಟುವುದು ಇದರಿಂದಲೇ.

ಎಂಟು ತಂಡಕ್ಕೂ ಒಂದೇ ತೂಕ ಕೊಡಬೇಡಿ. ಪ್ರಯೋಗದ ನಿಜವಾದ ಸತ್ವ ಇರುವುದು ಇಲ್ಲಿ. ಎಲ್ಲರ ಒಟ್ಟು 2.20 ಗ್ರಾಂ ಇರಲಿ, ಪಾಲು ಮಾತ್ರ ಬೇರೆಬೇರೆ. ನಾಲ್ಕು ತಂಡಕ್ಕೆ 1.40 ಗ್ರಾಂ ಕಬ್ಬಿಣ, 0.80 ಗ್ರಾಂ ಗಂಧಕ. ಎರಡು ತಂಡಕ್ಕೆ 1.60 ಮತ್ತು 0.60. ಇನ್ನೆರಡಕ್ಕೆ 1.20 ಮತ್ತು 1.00. ಯಾರಿಗೆ ಯಾವುದೆಂದು ಮೊದಲೇ ಹೇಳದೆ ಕಾಗದದ ಪೊಟ್ಟಣಕ್ಕೆ ಎ, ಬಿ, ಸಿ ಎಂದು ಬರೆದುಕೊಡಿ.

ಬೆರೆಸುವುದಕ್ಕೆ ಅರೆಯುವ ಅಗತ್ಯವಿಲ್ಲ. ನುಣುಪು ಕಾಗದದ ಮೇಲೆ ಸುರಿದು, ಒಂದೊಂದೇ ಮೂಲೆ ಎತ್ತಿ ಅತ್ತಿಂದಿತ್ತ ಉರುಳಿಸಿದರೆ ಎರಡು ನಿಮಿಷದಲ್ಲಿ ಒಂದೇ ಸಮನಾದ ಹಸಿರುಮಿಶ್ರಿತ ಬೂದು ಬಣ್ಣ ಬರುತ್ತದೆ. ಬಣ್ಣ ಒಂದಾದ್ದಕ್ಕೇ "ಹೊಸ ವಸ್ತು ಆಯ್ತು ಸಾರ್" ಎನ್ನುವ ಮಕ್ಕಳು ಇರುತ್ತಾರೆ. ಲೆನ್ಸ್ ಕೊಡಿ, ಹಳದಿ ಕಣ ಹಳದಿಯಾಗಿ, ಕಪ್ಪು ಕಣ ಕಪ್ಪಾಗಿ ಬೇರೆಬೇರೆ ಕೂತಿರುವುದು ಕಾಣುತ್ತದೆ. ಖಾರ ಮಂಡಕ್ಕಿ ಕಲಸಿದ ಮಾತ್ರಕ್ಕೆ ಈರುಳ್ಳಿ ಈರುಳ್ಳಿಯಲ್ಲದೆ ಹೋಗುವುದಿಲ್ಲವಷ್ಟೆ.

ಕಾಯಿಸುವ ಮುಂಚಿನ ಪರೀಕ್ಷೆ

ಕಾಯಿಸುವ ಮೊದಲೇ ಕಾಂತ, ನೀರು, ಆಮ್ಲ ಈ ಮೂರರ ಫಲಿತಾಂಶ ನೋಟ್‌ಬುಕ್ಕಿಗೆ ಬರಬೇಕು. ಇದಕ್ಕೆ ಬೇರೆಯಾಗಿ 35 ಗ್ರಾಂ ಕಬ್ಬಿಣ, 20 ಗ್ರಾಂ ಗಂಧಕದ ಸಾಮಾನ್ಯ ಮಿಶ್ರಣ ಮಾಡಿಟ್ಟುಕೊಂಡು ಚಿಟಿಕೆ ಚಿಟಿಕೆ ಹಂಚಿ.

ಕಾಂತವನ್ನು ಪ್ಲಾಸ್ಟಿಕ್ ಕವರಿನೊಳಗೆ ಇಟ್ಟೇ ಬಳಸಬೇಕು, ಇಲ್ಲದಿದ್ದರೆ ಪುಡಿ ಕೀಳಲು ಅರ್ಧ ತಾಸು ಬೇಕು. ಹಳೆ ಸ್ಪೀಕರ್‌ನ ಕಪ್ಪು ಬಳೆಯಂಥ ಕಾಂತ ಒಳ್ಳೆಯದು. ಈಚೆಗೆ ಎಲ್ಲ ಕಡೆ ಸಿಗುವ ಹೊಳಪಿನ ನಿಯೋಡಿಮಿಯಂ ಬಿಲ್ಲೆ ಬೇಡ. ಕಬ್ಬಿಣದ ಸಲ್ಫೈಡ್‌ನಲ್ಲಿ ಗಂಧಕದ ಪಾಲು ಸ್ವಲ್ಪ ಹೆಚ್ಚಾಗಿ ಕೂತರೆ ಪಿರೊಟೈಟ್ ಎಂಬ ರೂಪ ಬರುತ್ತದೆ, ಅದಕ್ಕೆ ತನ್ನದೇ ಆದ ನಸು ಕಾಂತಗುಣವಿದೆ. ಸ್ಪೀಕರ್ ಕಾಂತಕ್ಕೆ ಅದು ಲೆಕ್ಕಕ್ಕೆ ಬರುವುದಿಲ್ಲ. ನಿಯೋಡಿಮಿಯಂ ಅದನ್ನೂ ಎಳೆದು ಗೊಂದಲ ಎಬ್ಬಿಸುತ್ತದೆ. ಪ್ರಯೋಗ ಪೂರ್ತಿ ಸರಿಯಾಗಿ ನಡೆದಾಗಲೂ ಕಾಂತ ಹೀಗೆ ಸುಳ್ಳು ಹೇಳಬಹುದು.

ನೀರಿಗೆ ಹಾಕಿದಾಗ ಕಬ್ಬಿಣ ಮುಳುಗುತ್ತದೆ, ಗಂಧಕ ತೇಲುತ್ತದೆ. ಒಂದು ತೊಟ್ಟು ಸೋಪಿನ ನೀರು ಬಿದ್ದರೆ ಗಂಧಕವೂ ಮುಳುಗುತ್ತದೆ, ಹಾಗಾಗಿ ಲೋಟ ಚೆನ್ನಾಗಿ ತೊಳೆದಿರಲಿ. ಪಾಠಗಳಲ್ಲಿ ಗಂಧಕ ಕರಗಿಸಿ ತೋರಿಸಲು ಕಾರ್ಬನ್ ಡೈಸಲ್ಫೈಡ್ ಹೇಳುವುದುಂಟು. ಶಾಲೆಗೆ ಅದನ್ನು ತರಲೇಬೇಡಿ. ಅದರ ಆವಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ, ಉಸಿರಾಟಕ್ಕೂ ವಿಷ. ನೀರಿನ ಪರೀಕ್ಷೆ ಅದರ ಕೆಲಸವನ್ನು ಧಾರಾಳವಾಗಿ ಮಾಡುತ್ತದೆ.

ಕಾಯಿಸುವುದು

ಬೊರೊಸಿಲಿಕೇಟ್ ಗಾಜಿನ ಸಣ್ಣ ಪ್ರನಾಳ, 75 ಮಿ.ಮೀ. ಉದ್ದ, 10ರಿಂದ 12 ಮಿ.ಮೀ. ಅಗಲದ್ದು. 2.20 ಗ್ರಾಂ ಮಿಶ್ರಣ ಅದರ ಮೂರನೇ ಒಂದು ಭಾಗದ ಆಸುಪಾಸು ನಿಲ್ಲುತ್ತದೆ. ಒಮ್ಮೆ ಬಳಸಿದ ಪ್ರನಾಳ ಮತ್ತೆ ಉಪಯೋಗಕ್ಕೆ ಬಾರದು, ಅದನ್ನು ಖರ್ಚಿಗೇ ಸೇರಿಸಿಕೊಳ್ಳಿ. ಬಾಯಿಗೆ ಕಡಲೆ ಗಾತ್ರದ ರಾಕ್‌ವೂಲ್ (ಬೆಂಕಿ ಹತ್ತದ ಖನಿಜದ ನಾರು) ಸಡಿಲವಾಗಿ ತುರುಕಿದರೆ ಗಂಧಕದ ಆವಿ ಅಲ್ಲೇ ತಣಿದು ನಿಲ್ಲುತ್ತದೆ. ಹಳೆಯ ಅಕ್ಕಿ ಗಿರಣಿ ಬಾಯ್ಲರ್‌ಗೆ ಸುತ್ತಿದ್ದ ಬಿಳಿ ನಾರು ಚೆನ್ನಾಗಿದೆಯೆಂದು ಕಿತ್ತು ತರಬೇಡಿ, ಅದು ಶ್ವಾಸಕೋಶಕ್ಕೆ ಕೇಡು ಮಾಡುವ ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು. ಹತ್ತಿ ಹೊತ್ತಿಕೊಳ್ಳುತ್ತದೆ.

ಪ್ರನಾಳವನ್ನು ಓರೆಯಾಗಿ ಸ್ಟ್ಯಾಂಡಿಗೆ ಬಿಗಿದು, ಬಾಯಿ ಗೋಡೆಯ ಕಡೆಗಿಟ್ಟು, ತಳದ ಒಂದೇ ಬಿಂದುವಿಗೆ ಜೋರು ಉರಿ ಕೊಡಿ. ಮೊದಲು ಗಂಧಕ ಸುಮಾರು 115 ಡಿಗ್ರಿಗೆ ಕರಗಿ ಜೇನಿನ ಬಣ್ಣಕ್ಕೆ ಬರುತ್ತದೆ, 160 ದಾಟಿದರೆ ಮಂದವಾಗಿ ಕಂದುಗೆಂಪಾಗುತ್ತದೆ. ಆಮೇಲೆ ತಳದಲ್ಲಿ ಒಂದು ಕೆಂಡದ ಚುಕ್ಕೆ. ಚುಕ್ಕೆ ಕಂಡ ತಕ್ಷಣ ಉರಿ ತೆಗೆಯಬೇಕು, ಇದನ್ನು ಒತ್ತಿ ಹೇಳಬೇಕು. ಉರಿ ತೆಗೆದ ಮೇಲೂ ಕೆಂಪು ತಾನೇ ಮೇಲಕ್ಕೆ ಏರುತ್ತಾ ಇಡೀ ಪುಡಿಯನ್ನು ದಾಟುತ್ತದೆ. ಸಂಯುಕ್ತ ಆಗುವಾಗ ಶಾಖ ಹೊರಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಉರಿ ಅಲ್ಲೇ ಹಿಡಿದುಕೊಂಡಿದ್ದರೆ ಕೆಂಪು ಸ್ಪಿರಿಟ್ ಲ್ಯಾಂಪಿನದೋ ಕ್ರಿಯೆಯದೋ ಗೊತ್ತಾಗದೆ ಆ ಸಾಕ್ಷಿ ಕೈತಪ್ಪುತ್ತದೆ.

ಸ್ಪಿರಿಟ್ ಲ್ಯಾಂಪಿನಲ್ಲಿ ಆಗುತ್ತದೆ, ಆದರೆ ಬತ್ತಿ ಚಿಕ್ಕದಿದ್ದರೆ ಕಾಯಿಸುವುದು ನಿಧಾನವಾಗಿ, ಕ್ರಿಯೆ ಶುರುವಾಗುವ ಮುಂಚೆಯೇ ಗಂಧಕ ಆವಿಯಾಗಿ ಮೇಲೆ ಹೋಗಿಬಿಡುತ್ತದೆ. ಪ್ರನಾಳದ ಕುತ್ತಿಗೆಯಲ್ಲಿ ಹಳದಿ ಪದರ, ತಳದಲ್ಲಿ ಬೂದು ಪುಡಿ ಉಳಿದರೆ ಹಾಗಾಗಿದೆ ಎಂದು ಅರ್ಥ. ಗ್ಯಾಸ್ ಬರ್ನರ್ ಅಥವಾ ಸಣ್ಣ ಬ್ಯುಟೇನ್ ಟಾರ್ಚ್ ಇದ್ದರೆ ಈ ತಾಪತ್ರಯವಿಲ್ಲ.

ಗಾಜು ಸಾಲದ ಶಾಲೆಗೆ ಹಂಚಿನ ದಾರಿ ಇದೆ, ಮೇಷ್ಟ್ರೇ ಮಾಡಿ ತೋರಿಸಲಿ. ಒಣಗಿದ ಮಂಗಳೂರು ಹಂಚಿನ ತುಂಡಿನ ಮೇಲೆ 11 ಗ್ರಾಂ ಮಿಶ್ರಣವನ್ನು ಬೆರಳ ದಪ್ಪದ ಗೆರೆಯಾಗಿ ಸುರಿದು ಅದುಮಿ, ಕೆಂಪಗೆ ಕಾಯ್ದ ಕಬ್ಬಿಣದ ಸರಳನ್ನು ಇಕ್ಕಳದಲ್ಲಿ ಹಿಡಿದು ಒಂದು ತುದಿಗೆ ಒತ್ತಿದರೆ ಕೆಂಡ ಆ ತುದಿಯಿಂದ ಈ ತುದಿಗೆ ಹರಿಯುತ್ತದೆ. ಅಂಚಿನಲ್ಲಿ ನೀಲಿ ಜ್ವಾಲೆ ಕಾಣುವುದು ಗಾಳಿಯಲ್ಲಿ ಉರಿಯುವ ಗಂಧಕ. ಹಂಚು ಒದ್ದೆಯಿದ್ದರೆ ಸಿಡಿಯುತ್ತದೆ, ಹಿಂದಿನ ದಿನವೇ ಬಿಸಿಲಿಗಿಡಿ. ಇದು ಅಂಗಳದ ಕೆಲಸ, ಗಾಳಿಗೆ ಬೆನ್ನು ಮಾಡಿ ನಿಂತು ಮಾಡುವುದು.

ತರಗತಿಯೊಳಗೆ ಏಕೆ ಬೇಡ ಎನ್ನುವುದಕ್ಕೆ ಲೆಕ್ಕವೇ ಇದೆ. 8 ಮೀ., 6 ಮೀ., ಎತ್ತರ 3 ಮೀ. ಕೋಣೆಯಲ್ಲಿ 144 ಘನ ಮೀಟರ್ ಗಾಳಿ. ಪ್ರತಿ ತಂಡದಿಂದ ಬರೀ 0.1 ಗ್ರಾಂ ಗಂಧಕ ಉರಿದರೂ ಎಂಟು ತಂಡಕ್ಕೆ 1.6 ಗ್ರಾಂ ಸಲ್ಫರ್ ಡೈಆಕ್ಸೈಡ್. ಕಿಟಕಿ ಮುಚ್ಚಿದ್ದರೆ ಅದು 4 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 4 ಪಾಲು) ದಾಟುತ್ತದೆ. ಆಸ್ತಮಾ ಇರುವ ಮಗುವಿಗೆ 1 ಪಿಪಿಎಂ ಒಳಗೇ ಎದೆ ಬಿಗಿಯಬಹುದು. ವರಾಂಡದಲ್ಲಿ ಎರಡೆರಡು ತಂಡವಾಗಿ ಮಾಡಿಸಿ, ಆಸ್ತಮಾ ಇರುವವರಿಗೆ ತಕ್ಕಡಿಯ ಉಸ್ತುವಾರಿ ಕೊಡಿ. ಕನ್ನಡಕ ಎಲ್ಲರಿಗೂ.

ಎ, ಬಿ, ಸಿ

ಹತ್ತು ನಿಮಿಷ ಆರಿದ ಮೇಲೆ ಪ್ರನಾಳವನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು, ಗಾಜಿನ ಚೂರನ್ನು ಚಿಮುಟದಿಂದ ಆರಿಸಿ. ಒಳಗಿನ ಗಟ್ಟಿಯನ್ನು ಪುಡಿ ಮಾಡಿ ಸ್ಪೀಕರ್ ಕಾಂತ ಹಿಡಿಯಿರಿ.

1.40ಕ್ಕೆ 0.80 ಪೊಟ್ಟಣದವರ ಪುಡಿ ಬಹುತೇಕ ಅಲುಗುವುದಿಲ್ಲ. 1.60ಕ್ಕೆ 0.60ರವರದು ಅಂಟುತ್ತದೆ: 0.60 ಗ್ರಾಂ ಗಂಧಕ 1.05 ಗ್ರಾಂ ಕಬ್ಬಿಣವನ್ನಷ್ಟೇ ಕಟ್ಟಿಕೊಳ್ಳಬಲ್ಲದು, 0.55 ಗ್ರಾಂ ಕಬ್ಬಿಣ ಒಂಟಿಯಾಗಿ ಉಳಿಯುತ್ತದೆ. 1.20ಕ್ಕೆ 1.00ರವರ ಪ್ರನಾಳದ ಕುತ್ತಿಗೆಯಲ್ಲಿ ಹಳದಿ ಪದರ ದಪ್ಪಗಿರುತ್ತದೆ: 1.20 ಗ್ರಾಂ ಕಬ್ಬಿಣಕ್ಕೆ 0.69 ಗ್ರಾಂ ಸಾಕು, ಸುಮಾರು 0.31 ಗ್ರಾಂ ಗಂಧಕ ಹೆಚ್ಚಾಯಿತು. ಮಿಶ್ರಣವನ್ನು ಯಾವ ಪಾಲಿನಲ್ಲಿ ಬೇಕಾದರೂ ಬೆರೆಸಬಹುದು, ಸಂಯುಕ್ತ ಮಾತ್ರ ತನ್ನ ಪಾಲು ಬಿಟ್ಟು ಮುಟ್ಟುವುದಿಲ್ಲ ಎಂಬುದು ಈ ಮೂರನ್ನು ಪಕ್ಕಪಕ್ಕ ಇಟ್ಟಾಗ ಮಕ್ಕಳ ಬಾಯಿಂದಲೇ ಬರುತ್ತದೆ. ಕಾಂತಕ್ಕೆ ಅಂಟಿದ ತಂಡ ಇಲ್ಲಿ ಫೇಲ್ ಆದ ತಂಡವಲ್ಲ, ಅವರ ಉತ್ತರವೇ ಹಾಗಿರಬೇಕು.

ಚಿತ್ರದುರ್ಗದ ಕಡೆಯವರಿಗೆ ಇನ್ನೊಂದು ಹೆಜ್ಜೆ ಇಡಲು ಅನುಕೂಲವಿದೆ. ಇಂಗಳದಾಳ್ ತಾಮ್ರದ ಅದಿರಿನ ಜೊತೆ ಸಿಗುವ ಪೈರೈಟ್ ಕೂಡ ಕಬ್ಬಿಣ, ಗಂಧಕಗಳದ್ದೇ ಸಂಯುಕ್ತ. ಆದರೆ ಅದರಲ್ಲಿ ಒಂದು ಕಬ್ಬಿಣಕ್ಕೆ ಎರಡು ಗಂಧಕ, ತೂಕದಲ್ಲಿ 7ಕ್ಕೆ 8. ಹಿತ್ತಾಳೆ ಬಣ್ಣದ ಹೊಳಪು, ಕಾಂತಕ್ಕೆ ಅಂಟುವುದಿಲ್ಲ. ಕಾಲೇಜಿನ ಭೂಗರ್ಭ ವಿಭಾಗದಿಂದ ಒಂದು ತುಣುಕು ಕೇಳಿ ತಂದರೆ, ಅದೇ ಎರಡು ಧಾತು ಬೇರೆ ಪಾಲಿನಲ್ಲಿ ಸೇರಿ ಬೇರೆಯೇ ವಸ್ತುವಾದದ್ದನ್ನು ಕಪ್ಪು ಸಲ್ಫೈಡ್ ಪಕ್ಕದಲ್ಲಿಟ್ಟು ತೋರಿಸಬಹುದು.

ಆಮ್ಲ

ಕಾಂತಕ್ಕಿಂತ ನಂಬಬಹುದಾದ ಪರೀಕ್ಷೆ ಇದು. ಲ್ಯಾಬಿನ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ 10 ಮಿ.ಲೀ.ಯನ್ನು 50 ಮಿ.ಲೀ. ನೀರಿಗೆ ನಿಧಾನವಾಗಿ ಹಾಕಿ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಳಸಬೇಡಿ, ಅದರ ಸಾಂದ್ರತೆ ನಂಬುವಂತಿಲ್ಲ. ಮಿಶ್ರಣದ ಮೇಲೆ ನಾಲ್ಕು ತೊಟ್ಟು ಬಿದ್ದರೆ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಗಂಧಕ ಹಳದಿಯಾಗಿಯೇ ಉಳಿಯುತ್ತದೆ. ಬೀಡು ಕಬ್ಬಿಣ ಬಳಸಿದ್ದರೆ ಇಲ್ಲೊಂದು ತೊಡಕಿದೆ. ಅದರೊಳಗಿನ ಇಂಗಾಲ, ರಂಜಕಗಳಿಂದಾಗಿ ಹೈಡ್ರೋಜನ್ ಜೊತೆ ಸೀಮೆಎಣ್ಣೆ, ಬೆಳ್ಳುಳ್ಳಿ ಬೆರೆತಂಥ ವಾಸನೆ ಬರುತ್ತದೆ, ಕಪ್ಪು ಗ್ರಾಫೈಟ್ ಚರಟವೂ ಉಳಿಯುತ್ತದೆ. "ಹೈಡ್ರೋಜನ್‌ಗೆ ವಾಸನೆ ಇಲ್ಲ ಅಂದಿದ್ರಿ" ಎಂದು ಕೇಳುವ ಹುಡುಗಿಗೆ ಈ ಉತ್ತರ ಸಿದ್ಧವಿರಲಿ.

ಕಪ್ಪು ಸಲ್ಫೈಡ್‌ಗೆ ಅದೇ ಆಮ್ಲ ಬಿದ್ದರೆ ಕೊಳೆತ ಮೊಟ್ಟೆಯ ನಾತ, ಅಂದರೆ ಹೈಡ್ರೋಜನ್ ಸಲ್ಫೈಡ್. ಇದು ವಿಷಾನಿಲ, ಹೆಚ್ಚು ಪ್ರಮಾಣದಲ್ಲಿ ಮೂಗನ್ನೇ ಮಂಕು ಮಾಡುತ್ತದೆ. ಆದ್ದರಿಂದ ಸಾಸಿವೆ ಕಾಳಿನಷ್ಟು ತುಣುಕು, 0.1 ಗ್ರಾಂ ಮೀರದಂತೆ, ಬಯಲಿನಲ್ಲಿ, ಒಂದೇ ಸಲ. ಮೂಗು ಒಡ್ಡುವ ಅಗತ್ಯವೂ ಇಲ್ಲ. ಅಡಿಕೆ ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದಿಟ್ಟ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ. ಅದರ ನೀಲಿ ನೀರಿನಲ್ಲಿ ಅದ್ದಿದ ಫಿಲ್ಟರ್ ಕಾಗದವನ್ನು ಪ್ರನಾಳದ ಬಾಯಿಗೆ ಹಿಡಿದರೆ ತಾಮ್ರದ ಸಲ್ಫೈಡ್ ಆಗಿ ಕಂದುಗಪ್ಪಾಗುತ್ತದೆ. ಬರೀ ಮಿಶ್ರಣದ ಮೇಲೆ ಹಿಡಿದ ಕಾಗದ ನೀಲಿಯಾಗಿಯೇ ಇರುತ್ತದೆ. ಎರಡೂ ಕಾಗದ ಒಣಗಿಸಿ ನೋಟ್‌ಬುಕ್ಕಿಗೆ ಅಂಟಿಸಬಹುದು.

ಧಾತುಗಳ ತಟ್ಟೆ

ಕಿಟ್ ಜೊತೆ ಧಾತುಗಳ ಮಾದರಿ ಇಡುವವರು ಪೆನ್ಸಿಲ್ ಕಡ್ಡಿಯನ್ನು ಇಂಗಾಲ ಎಂದು ಇಡುತ್ತಾರೆ. ಅದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. ಹಳೆ ಟಾರ್ಚ್ ಸೆಲ್ಲಿನ ನಡುವಿನ ಕಪ್ಪು ಕಡ್ಡಿ ಇಂಗಾಲಕ್ಕೆ ಹೆಚ್ಚು ಹತ್ತಿರ. ಹಿತ್ತಾಳೆಯೂ ಮಿಶ್ರಣದ ತಟ್ಟೆಗೇ ಸೇರಬೇಕು. ಭೀಮಸಮುದ್ರದ ಕಡೆಯ ಕೆಂಪು ಅದಿರು ಸಂಯುಕ್ತದ ತಟ್ಟೆಗೆ. ಕಬ್ಬಿಣ ಅದರಲ್ಲಿ ಹೆಚ್ಚಿದ್ದರೂ ಅದು ಆಕ್ಸಿಜನ್ ಜೊತೆ ಸೇರಿ ಹೆಮಟೈಟ್ ಆಗಿರುವುದರಿಂದ ಸ್ಪೀಕರ್ ಕಾಂತಕ್ಕೆ ಸಾಮಾನ್ಯವಾಗಿ ಅಂಟುವುದಿಲ್ಲ.

ಉಳಿದದ್ದು

ಆಮ್ಲ ಹಾಕಿದ ಪ್ರನಾಳಗಳನ್ನು ಬಯಲಲ್ಲೇ ಇಟ್ಟು, ಗುಳ್ಳೆ ನಿಂತ ಮೇಲೆ ಬಕೆಟ್ ನೀರಿಗೆ ಸುರಿದು, ವಾಷಿಂಗ್ ಸೋಡ ಸ್ವಲ್ಪ ಸ್ವಲ್ಪ ಹಾಕಿ ಹುಳಿ ಮುರಿಯಿರಿ. ನಾತ ಹೋಗಲೆಂದು ಬ್ಲೀಚಿಂಗ್ ಪೌಡರ್ ಎರಚಬೇಡಿ. ಆಮ್ಲ ಇನ್ನೂ ಇದ್ದರೆ ಕ್ಲೋರಿನ್ ಏಳುತ್ತದೆ. ಶೌಚಾಲಯದ ಗುಂಡಿಗೂ ಬೇಡ, ಅಲ್ಲಿ ಬ್ಲೀಚಿಂಗ್ ಮೊದಲೇ ಬಿದ್ದಿರುತ್ತದೆ.

ಬಳಸದೆ ಉಳಿದ ಮಿಶ್ರಣವನ್ನು ಕಾಂತದಿಂದ ಬೇರ್ಪಡಿಸಿ ಎರಡು ಡಬ್ಬಿಗೆ ಹಾಕುವುದೇ ಸರಿ. ಮಿಶ್ರಣವಾಗಿಯೇ ಇಡುವುದಾದರೆ ನೀರು ಸೋಕದಂತೆ ನೋಡಿಕೊಳ್ಳಬೇಕು. ಒದ್ದೆಯಾದ ಕಬ್ಬಿಣ–ಗಂಧಕ ತಾನಾಗಿಯೇ ಬಿಸಿಯೇರುತ್ತದೆ. 1700ರಲ್ಲಿ ಫ್ರಾನ್ಸಿನ ನಿಕೊಲಾ ಲೆಮೆರಿ ಇದೇ ಎರಡನ್ನು ನೀರಲ್ಲಿ ಕಲಸಿ ಮಣ್ಣಲ್ಲಿ ಹೂತು, ಅದು ಕಾಯ್ದು ಹೊಗೆಯುಗುಳುವುದನ್ನು ತೋರಿಸಿ ಜ್ವಾಲಾಮುಖಿಗೆ ಕಾರಣ ಹೇಳಲು ಹೊರಟಿದ್ದ. ಮಳೆಗಾಲದಲ್ಲಿ ಸೋರುವ ಕಪಾಟು ಈ ಡಬ್ಬಿಯ ಜಾಗವಲ್ಲ. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಮೇಲೆ ಮಾಡಿದ ತಾರೀಖು ಮತ್ತು ಪಾಲಿನ ಚೀಟಿ, ಜೊತೆಗೆ ಬಾಣಲೆಯಲ್ಲಿ ಹುರಿದು ಒಣಗಿಸಿದ ಸಿಲಿಕಾ ಜೆಲ್ಲಿನ ಒಂದು ಪೊಟ್ಟಣ ಇರಲಿ.